ಜನವರಿ 26ಕ್ಕೆ ಬಾದಾಮಿ: ಬೇಡ ಅಂದವರನ್ನೇ ಕರೆದುಕೊಂಡು ಹೋದೆ

ರಾಷ್ಟ್ರೀಯ ಹಬ್ಬದ ರಜೆಗೆ ಗುಂಪು ಕಟ್ಟಿಕೊಂಡು ಹೋಗೋದು ದಂಡ ಅಂತ ನಮ್ಮ ಗ್ಯಾಂಗಿನಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಅದಕ್ಕೆ ಕಾರಣವೂ ಇತ್ತು. ಹಿಂದೊಂದು ಆಗಸ್ಟ್ 15ಕ್ಕೆ ಚಿಕ್ಕಮಗಳೂರಿಗೆ ಹೋಗಿ, ಮುಳ್ಳಯ್ಯನಗಿರಿ ರಸ್ತೆಯಲ್ಲಿ ಅರ್ಧ ದಿನ ಕಾರಿನೊಳಗೇ ಕೂತಿದ್ದೆವು. ಹೋಂಸ್ಟೇಯವರು ಮಾಮೂಲಿ ದರದ ಎರಡೂವರೆ ಪಟ್ಟು ಕಿತ್ತರು. ಊಟಕ್ಕೆ ಹಾಕಿದ್ದು ಪನೀರ್ ಬಟರ್ ಮಸಾಲ! ಮಲೆನಾಡಿಗೆ ಹೋಗಿ ಒಂದು ಕಡುಬೂ ಸಿಗಲಿಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ? ಇನ್ನೊಂದು ಸಲ ಅಕ್ಟೋಬರ್ 2ರ ಟೂರು, ಯಾರು ಎಷ್ಟು ಕೊಟ್ಟರು ಅನ್ನೋ ಜಗಳದಲ್ಲೇ ಮುಗಿಯಿತು.

ಈ ಸಲ 26 ಸೋಮವಾರ ಬಿತ್ತು. ನಾನು ಬಾದಾಮಿ, ಪಟ್ಟದಕಲ್ಲು ಅಂದೆ. "ಅವತ್ತೇನಾ? ಕಾಲಿಡೋಕೂ ಜಾಗ ಇರಲ್ಲ" ಅಂತ ನಕ್ಕರು. ನನ್ನ ಲೆಕ್ಕ ಬೇರೆ ಇತ್ತು. 26ರ ಬೆಳಿಗ್ಗೆ ಊರೂರಲ್ಲಿ ಧ್ವಜವಂದನೆ. ಮಕ್ಕಳು, ಮೇಷ್ಟ್ರು, ಆಫೀಸಿನವರು ಎಲ್ಲ ಅಲ್ಲೇ. ಬೂಂದಿ ಹಂಚಿ ಮುಗಿದ ಮೇಲೇ ಗಾಡಿಗಳು ಹೊರಡೋದು. ಅಲ್ಲಿಯವರೆಗೆ ಗುಡಿಗಳೆಲ್ಲ ನಮ್ಮವೇ.

60 ದಿನ ಮೊದಲು ಬುಕಿಂಗ್ ತೆರೆದ ಬೆಳಿಗ್ಗೆಯೇ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ಗೆ ಸ್ಲೀಪರ್ ಹಾಕಿದೆ. ತಲೆಗೆ ನಾಲ್ಕು ಸಾವಿರ ಮೊದಲೇ ವಸೂಲಿ. ಗುಂಪಿನಲ್ಲಿ ಕಡು ಜಿಪುಣ ಯಾರೋ ಅವನೇ ಖಜಾಂಚಿ, ಬೇರೆ ಯಾರೂ ಪರ್ಸ್ ತೆಗೆಯೋ ಹಾಗಿಲ್ಲ. ಕ್ರೂಸರ್ ಬಾಡಿಗೆ ದಿನಕ್ಕೆ ಮೂರೂವರೆ ಸಾವಿರದ ಆಸುಪಾಸು. ಡ್ರೈವರ್ ನಂಬರ್ ಮಾತ್ರ ಕೇಳಬೇಡಿ, ಕೊಡಲ್ಲ.

ಶನಿವಾರ ಬಾದಾಮಿ ಗುಹೆ, ಅಗಸ್ತ್ಯ ತೀರ್ಥ. ಮಂಗಗಳ ಕಾಟ ಗೊತ್ತೇ ಇದೆ, ಚೀಲಗಳನ್ನೆಲ್ಲ ಗಾಡಿಯಲ್ಲೇ ಬಿಟ್ಟಿದ್ದೆವು.

ಭಾನುವಾರ ಬನಶಂಕರಿ. ಗುಡಿ ಹತ್ತಿರ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರ ಹತ್ತಿರವೇ ಊಟ ಅಂತ ನಾನು ಹಟ ಹಿಡಿದೆ. ಒಬ್ಬ ಅಜ್ಜಿ ಬುಟ್ಟಿ ಮೇಲಿನ ಬಟ್ಟೆ ಸರಿಸಿ, ಕೈಗೇ ಜೋಳದ ರೊಟ್ಟಿ ಕೊಟ್ಟರು. ಅದರ ಮೇಲೆ ಪುಂಡಿಪಲ್ಲೆ, ಒಂದು ತುಂಡು ಝುಣಕದ ವಡೆ, ಶೇಂಗಾ ಹಿಂಡಿ ಅಂದ್ರೆ ಚಟ್ನಿಪುಡಿ. ಹಿಂಡಿ ನಡುವೆ ಬೆರಳಿಂದ ಗುಂಡಿ ಮಾಡಿ ಎಣ್ಣೆ ಬಿಟ್ಟರು. ಕುಡಿಕೆ ಮೊಸರು ಬಗ್ಗಿಸಿದರೂ ಬೀಳಲಿಲ್ಲ, ಅಷ್ಟು ಗಟ್ಟಿ. "ಇನ್ನೊಂದ್ ರೊಟ್ಟಿ ತಗೋರಿ, ಇಷ್ಟಕ್ಕ ಸಾಕಂದ್ರ ಹ್ಯಾಂಗ?" ಅಂದರು. ಹೋಟೆಲ್ಲೇ ಬೇಕು ಅಂತಿದ್ದವನು ನಾಲ್ಕು ತಿಂದ. ತಲೆಗೆ ನೂರು ರೂಪಾಯಿಯೂ ಆಗಲಿಲ್ಲ ಅಂತ ನೆನಪು.

26ಕ್ಕೆ ಡ್ರೈ ಡೇ. ಇಬ್ಬರು ಹಿಂದಿನ ದಿನವೇ ಸ್ಟಾಕ್ ಮಾಡೋಣ ಅಂದರು, ಖಜಾಂಚಿ ದುಡ್ಡು ಬಿಡಲಿಲ್ಲ. ಅದಕ್ಕೇ ಐದಕ್ಕೆಲ್ಲ ಎದ್ದರು ಅನ್ನಿ. ಪಟ್ಟದಕಲ್ಲಿನಲ್ಲಿ ಬಿಸಿಲು ಏರುವ ಮೊದಲೇ ಟಿಕೆಟ್ ತೆಗೆದುಕೊಂಡೆವು. ವಿರೂಪಾಕ್ಷ ಗುಡಿಯ ಒಳಗೆ ನಾವು ಬಿಟ್ಟರೆ ಒಬ್ಬ ಕಾವಲುಗಾರ. ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಕಂಬದ ಮೇಲಿನ ರಾಮಾಯಣವನ್ನು ನಿಧಾನವಾಗಿ, ಯಾರ ಸೆಲ್ಫಿಗೂ ಅಡ್ಡ ಬರದೆ ನೋಡಿದೆವು. ನಕ್ಕವರೇ ಈಗ ಸ್ಟೇಟಸ್ ಹಾಕ್ತಿದ್ದರು.

ಐಹೊಳೆ ಮುಟ್ಟೋ ಹೊತ್ತಿಗೆ ಜನ ಶುರುವಾಗಿತ್ತು. ಎಲ್ಲರೂ ದುರ್ಗ ಗುಡಿ ಮುಂದೆ ನಿಲ್ತಾರೆ, ನಾವು ಸೀದಾ ಮೇಗುತಿ ಗುಡ್ಡ ಹತ್ತಿದೆವು. ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಇರೋದು ಅಲ್ಲೇ. ಮಧ್ಯಾಹ್ನದ ಊಟ ಒಂದು ಖಾನಾವಳಿಯಲ್ಲಿ. ಎಣ್ಣೆಗಾಯಿಗೆ ಆ ರುಚಿ ಬೇರೆಲ್ಲೂ ಕಂಡಿಲ್ಲ. ಯಾವ ಊರಲ್ಲಿ ಅಂತ ಹೇಳಲ್ಲ, ಮುಂದಿನ ವರ್ಷ ನಮಗೇ ಜಾಗ ಸಿಗಬೇಕಲ್ಲ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಬಿಸಿ ರೊಟ್ಟಿ ಒಂದು ಕಟ್ಟು, ಖಡಕ್ ರೊಟ್ಟಿ ಒಂದು ಕಟ್ಟು ಬೆಂಗಳೂರಿಗೆ ತಂದೆ. ಬಿಸಿಯದ್ದು ಪ್ಲಾಸ್ಟಿಕ್ಕಿನಲ್ಲಿ ಬೆವೆತು ಮಾರನೇ ದಿನವೇ ಹಳಸಿತು. ಖಡಕ್ ರೊಟ್ಟಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದು ತಿಂಗಳ ಹತ್ತಿರ ಬಂತು. ಎಣ್ಣೆಗಾಯಿ ರೈಲಿಗೆ ಕಟ್ಟಿಸಬೇಡಿ, ಬೋಗಿಯೇ ಬೆಳ್ಳುಳ್ಳಿ ವಾಸನೆ.

ಖಜಾಂಚಿ ಹತ್ತಿರ ತಲೆಗೆ ನಾನೂರು ಚಿಲ್ಲರೆ ಉಳಿದಿತ್ತು. ವಾಪಸ್ ಕೊಡೋಕೆ ಹೊರಟವನನ್ನು ತಡೆದು, ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಎಲ್ಲರಿಗೂ ಕರದಂಟು ಕೊಡಿಸಿದೆ.