ಸಂಚಾರಿ ರೋಬೋಟ್‌ಗಳ ಪ್ರವೇಶ ಪಠ್ಯವನ್ನು ಪರೀಕ್ಷಿಸಿ ಆರಿಸುವ ಬಗೆ

ಸಂಚಾರಿ ರೋಬೋಟ್‌ಗಳ ಬಗ್ಗೆ ಪ್ರವೇಶ ಮಟ್ಟದ ಪಠ್ಯಪುಸ್ತಕವೊಂದನ್ನು ತರಗತಿಗೋ ಸ್ವಂತ ಓದಿಗೋ ಆರಿಸಬೇಕಾದವರು ಮೊದಲು ಪರಿವಿಡಿಯನ್ನು ತಿರುವಿ ನೋಡುತ್ತಾರೆ. ಅದರಿಂದ ತಿಳಿಯುವುದು ಕಡಿಮೆ. ಚಕ್ರಗಳು, ಸೆನ್ಸರ್‌ಗಳು, ಸ್ಥಾನನಿರ್ಣಯ, ನಕ್ಷೆ, ದಾರಿಯ ಯೋಜನೆ ಎಂಬ ವಿಷಯಗಳು ಹೆಚ್ಚಿನ ಪುಸ್ತಕಗಳಲ್ಲಿ ಒಂದಲ್ಲ ಒಂದು ಕ್ರಮದಲ್ಲಿ ಇದ್ದೇ ಇರುತ್ತವೆ. ಒಂದು ಪುಸ್ತಕ ಇನ್ನೊಂದಕ್ಕಿಂತ ಮೇಲೆಂದು ತೋರುವುದು ಬೇರೆಡೆಯಲ್ಲಿ: ತಾನು ಇಂಥಲ್ಲಿದ್ದೇನೆಂದು ರೋಬೋಟ್ ಹಾಕಿದ ಲೆಕ್ಕಕ್ಕೂ ಅದು ನಿಜವಾಗಿ ನಿಂತಿರುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಲೇಖಕರು ಆರಂಭದಿಂದಲೇ ಕೈಗೆತ್ತಿಕೊಳ್ಳುತ್ತಾರೆಯೇ, ಅಥವಾ ಎಲ್ಲವೂ ಲೆಕ್ಕದಂತೆಯೇ ನಡೆಯುತ್ತದೆ ಎಂಬಂತೆ ಬರೆದುಕೊಂಡು ಹೋಗುತ್ತಾರೆಯೇ ಎಂಬಲ್ಲಿ.

ಆದ್ದರಿಂದ ಪರೀಕ್ಷೆಯನ್ನು ಮುನ್ನುಡಿಯಿಂದಲ್ಲ, ಎಡಬಲ ಚಕ್ರಗಳಿಗೆ ಬೇರೆಬೇರೆ ಮೋಟಾರ್ ಇರುವ ರೋಬೋಟ್‌ನ ಚಲನೆಯನ್ನು ವಿವರಿಸುವ ಪುಟಗಳಿಂದ ಆರಂಭಿಸಬೇಕು. ಅಲ್ಲಿನ ಸಮೀಕರಣಕ್ಕೆ ನಿಮ್ಮದೇ ಅಂಕಿಗಳನ್ನು ಹಾಕಿ ನೋಡಿ. ಚಕ್ರದ ತ್ರಿಜ್ಯ 5 ಸೆಂ.ಮೀ., ಚಕ್ರಗಳ ನಡುವಿನ ಅಂತರ 30 ಸೆಂ.ಮೀ., ಬಲಚಕ್ರದ ವೇಗ ಸೆಕೆಂಡಿಗೆ 2 ರೇಡಿಯನ್, ಎಡಚಕ್ರದ ವೇಗ 1 ರೇಡಿಯನ್ ಎಂದಿಟ್ಟುಕೊಂಡರೆ, ರೋಬೋಟ್ ಸೆಕೆಂಡಿಗೆ 7.5 ಸೆಂ.ಮೀ. ಸಾಗುತ್ತ 45 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಎಡಕ್ಕೆ ತಿರುಗಬೇಕು. ಉತ್ತರ ಬೇರೆ ಬಂದರೆ, ಪುಸ್ತಕವು ಚಕ್ರಗಳ ಪೂರ್ತಿ ಅಂತರಕ್ಕೆ ಬದಲಾಗಿ ಅದರ ಅರ್ಧವನ್ನು ಸಂಕೇತವಾಗಿ ಹಿಡಿದಿದೆಯೇ ಎಂದು ಪರಿಶೀಲಿಸಿ. ಎರಡೂ ಪದ್ಧತಿಗಳು ರೂಢಿಯಲ್ಲಿವೆ, ಯಾವುದೂ ತಪ್ಪಲ್ಲ. ಆದರೆ ಯಾವುದನ್ನು ಹಿಡಿದಿದ್ದೇವೆ ಎಂಬುದನ್ನು ಚಿತ್ರದಲ್ಲಿ ಗುರುತಿಸದ ಪುಸ್ತಕ ಹೊಸಬರನ್ನು ವೃಥಾ ಅಲೆದಾಡಿಸುತ್ತದೆ.

ಮುಂದಿನ ಹಂತ ಇದಕ್ಕಿಂತ ಮುಖ್ಯವಾದುದು. ಚಕ್ರ ಎಷ್ಟು ಸುತ್ತಿತೆಂಬುದನ್ನು ಎನ್‌ಕೋಡರ್‌ನಿಂದ ಎಣಿಸಿ ಸ್ಥಾನವನ್ನು ಲೆಕ್ಕ ಹಾಕುವ ಓಡೋಮೆಟ್ರಿಯಲ್ಲಿ ದೋಷ ಹೇಗೆ ಬೆಳೆಯುತ್ತದೆಂದು ಪುಸ್ತಕ ಅಂಕಿಗಳಲ್ಲಿ ತೋರಿಸುತ್ತದೆಯೇ? ಮೇಲಿನ ರೋಬೋಟ್‌ನ ಒಂದು ಚಕ್ರ ಇನ್ನೊಂದಕ್ಕಿಂತ ಶೇ. 1ರಷ್ಟು ದೊಡ್ಡದಾಗಿದ್ದು, ಎರಡೂ ಸಮನಾಗಿವೆ ಎಂದೇ ರೋಬೋಟ್ ನಂಬಿದ್ದರೆ, ನೇರವಾಗಿ 10 ಮೀಟರ್ ಬಂದೆನೆಂದು ಅದು ತಿಳಿಯುವಷ್ಟರಲ್ಲಿ ಅದರ ಮುಖ ಸುಮಾರು 19 ಡಿಗ್ರಿ ತಿರುಗಿ, ದೇಹ ಒಂದೂವರೆ ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಸಾಗಿದ ದೂರದ ಎಣಿಕೆಯಲ್ಲಿ ಆಗುವ ತಪ್ಪು ಮಾತ್ರ ಕೆಲವೇ ಸೆಂಟಿಮೀಟರ್. ದಿಕ್ಕಿನಲ್ಲಾಗುವ ಸಣ್ಣ ತಪ್ಪು ಸ್ಥಾನದಲ್ಲಿ ದೊಡ್ಡದಾಗಿ ಬೆಳೆಯುವ ಈ ಸಂಗತಿಯನ್ನು ‘ಓಡೋಮೆಟ್ರಿಯಲ್ಲಿ ದೋಷಗಳಿರುತ್ತವೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವ ಪುಸ್ತಕವನ್ನು, ಉಳಿದ ಅಧ್ಯಾಯಗಳು ಎಷ್ಟೇ ಸೊಗಸಾಗಿರಲಿ, ನಾನು ಕೆಳಗಿಡುತ್ತೇನೆ.

ದೋಷವನ್ನು ಅಳೆಯುವ ವಿಧಾನವೂ ಅಲ್ಲಿರಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಬೊರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ರೋಬೋಟ್ ಚೌಕಾಕಾರದ ದಾರಿಯನ್ನು ಪ್ರದಕ್ಷಿಣವಾಗಿಯೂ ಅಪ್ರದಕ್ಷಿಣವಾಗಿಯೂ ಹಲವು ಬಾರಿ ಸುತ್ತಬೇಕು. ಒಂದೇ ದಿಕ್ಕಿನಲ್ಲಿ ಸುತ್ತಿಸಿದರೆ ಚಕ್ರಗಳ ಅಸಮಾನತೆಯಿಂದಾಗುವ ದೋಷವೂ, ಚಕ್ರಗಳ ಅಂತರವನ್ನು ತಪ್ಪಾಗಿ ಅಳೆದುದರಿಂದಾಗುವ ದೋಷವೂ ಒಂದನ್ನೊಂದು ಹೊಡೆದುಹಾಕಿ, ಕೆಟ್ಟ ರೋಬೋಟ್ ಕೂಡ ಹೊರಟ ಜಾಗಕ್ಕೇ ಮರಳಿ ಬಂದುಬಿಡಬಹುದು. ಪಠ್ಯವು ಚೌಕವನ್ನು ಒಂದೇ ದಿಕ್ಕಿನಲ್ಲಿ ಸುತ್ತಿಸಿ ತೃಪ್ತಿಪಟ್ಟರೆ, ಅದರ ಲೇಖಕರು ಈ ತೊಡಕನ್ನು ಗಮನಿಸಿಲ್ಲವೆಂದೇ ತಿಳಿಯಬೇಕು.

ಸೆನ್ಸರ್‌ಗಳ ಅಧ್ಯಾಯದಲ್ಲಿ ಸಾಧನಗಳ ಚಿತ್ರಗಳನ್ನೂ ಪಟ್ಟಿಗಳನ್ನೂ ದಾಟಿ, ಅವು ಎಲ್ಲಿ ಸೋಲುತ್ತವೆ ಎಂಬ ವಿವರವನ್ನು ಹುಡುಕಿ. ಗೋಡೆ ಓರೆಯಾಗಿದ್ದರೆ ಅಲ್ಟ್ರಾಸಾನಿಕ್ ಸೆನ್ಸರ್ ಹೊರಡಿಸಿದ ಸದ್ದು ಬೇರೆ ಕಡೆಗೆ ಪುಟಿದು ಹೋಗಿ, ಎದುರಿಗೆ ಗೋಡೆಯೇ ಇಲ್ಲವೆಂಬಂತೆ ತೋರುತ್ತದೆ. ಗಾಜಿನ ಬಾಗಿಲಿನ ಮುಂದೆ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಕೂಡ ಹೀಗೆಯೇ ಮೋಸ ಹೋಗಬಲ್ಲದು.

ಸ್ಥಾನನಿರ್ಣಯದ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಡುವುದು ಸೂಕ್ತ. ಒಂದೇ ಬಗೆಯ ಬಾಗಿಲುಗಳ ಸಾಲಿರುವ ಉದ್ದನೆಯ ಕಾರಿಡಾರಿನಲ್ಲಿ ರೋಬೋಟ್ ಒಂದು ಬಾಗಿಲನ್ನು ಕಂಡಾಗ, ತಾನು ಯಾವ ಬಾಗಿಲ ಮುಂದೆಯೂ ಇರಬಹುದೆಂಬ ಹಲವು ಸಾಧ್ಯತೆಗಳನ್ನು ಅದು ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. 1960ರಲ್ಲಿ ಕಾಲ್ಮನ್ ಮಂಡಿಸಿದ, ದೋಷವಿರುವ ಅಳತೆಗಳಿಂದ ಸ್ಥಾನವನ್ನು ಅಂದಾಜು ಮಾಡುವ ಫಿಲ್ಟರ್ ಒಂದೇ ಶಿಖರವುಳ್ಳ ಸಂಭವನೀಯತೆಯನ್ನು, ಅಂದರೆ ಒಂದೇ ಜಾಗದ ಸುತ್ತಲಿನ ಊಹೆಯನ್ನು, ಇಟ್ಟುಕೊಳ್ಳುವುದರಿಂದ ಇಲ್ಲಿ ಅದೊಂದೇ ಸಾಲದು. ಊಹೆಯ ಹಲವು ಸ್ಥಾನಗಳನ್ನು ಒಟ್ಟಿಗೆ ಇಟ್ಟುಕೊಂಡು ತೂಗಿ ನೋಡುವ ಪಾರ್ಟಿಕಲ್ ಫಿಲ್ಟರ್‌ನಂಥ ವಿಧಾನ ಬೇಕಾಗುತ್ತದೆ. ಈ ಎರಡನ್ನೂ ಬರೇ ಅಕ್ಕಪಕ್ಕದಲ್ಲಿಟ್ಟು ಸೂತ್ರಗಳನ್ನು ಕೊಡುವ ಪುಸ್ತಕಕ್ಕಿಂತ, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ತೋರಿಸುವ ಪುಸ್ತಕ ಮೇಲು. ಇನ್ನೊಂದು ಸಣ್ಣ ಪರೀಕ್ಷೆಯೂ ಇದೆ: 179 ಡಿಗ್ರಿ ಮತ್ತು ಋಣ 179 ಡಿಗ್ರಿ ದಿಕ್ಕುಗಳ ಸರಾಸರಿ ಸೊನ್ನೆಯಲ್ಲ, 180 ಡಿಗ್ರಿ. ಕೋನಗಳ ಈ ಎಚ್ಚರ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಓದಿದವರು ಬರೆಯುವ ಪ್ರೋಗ್ರಾಮ್‌ನಲ್ಲಿ ರೋಬೋಟ್ ಇದ್ದಕ್ಕಿದ್ದಂತೆ ಹಿಂದಿರುಗಿ ಓಡುವುದು ಖಚಿತ.

ದಾರಿಯ ಯೋಜನೆಯಲ್ಲಿ ನೋಡಬೇಕಾದುದು ಸ್ವಲ್ಪ. ನಕ್ಷೆಯಲ್ಲಿ ದಾರಿ ಹುಡುಕುವ ಎ-ಸ್ಟಾರ್ ಅಲ್ಗಾರಿದಮ್ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಶೇಕಿ ಎಂಬ ರೋಬೋಟ್‌ನ ಕೆಲಸದ ನಡುವೆ ಹುಟ್ಟಿ 1968ರಲ್ಲಿ ಪ್ರಕಟವಾಯಿತು. ಗುರಿಗೆ ಉಳಿದಿರುವ ದೂರದ ಅಂದಾಜು ನಿಜವಾದ ದೂರವನ್ನು ಎಂದೂ ಮೀರದಿದ್ದರೆ ಮಾತ್ರ ಅತಿ ಹತ್ತಿರದ ದಾರಿ ಸಿಗುವ ಭರವಸೆ ಅದಕ್ಕಿದೆ. ಚೌಕುಳಿ ನಕ್ಷೆಯಲ್ಲಿ ಕರ್ಣದಗುಂಟ ಚಲಿಸಲು ಬಿಟ್ಟು, ಅಂದಾಜಿಗೆ ಅಡ್ಡ ಮತ್ತು ಉದ್ದದ ಮನೆಗಳ ಮೊತ್ತವನ್ನು ಬಳಸಿದರೆ ಆ ಭರವಸೆ ಬೀಳುತ್ತದೆ. ಉದಾಹರಣೆಯಲ್ಲಿ ಈ ತಪ್ಪಿದ್ದರೂ ಒಟ್ಟು ಪುಸ್ತಕವನ್ನು ತಳ್ಳಿಹಾಕಬೇಕಿಲ್ಲ, ಏಕೆಂದರೆ ಈ ಭಾಗವನ್ನು ಸಾಮಾನ್ಯ ಅಲ್ಗಾರಿದಮ್ ಪಠ್ಯಗಳಿಂದಲೂ ಕಲಿಯಬಹುದು.

ಪೀಠಿಕೆಯಲ್ಲಿ ‘ಸ್ವಾಯತ್ತ’ ಎಂಬ ಮಾತನ್ನು ಎಷ್ಟು ಬಿಗಿಯಾಗಿ ಬಳಸಿದ್ದಾರೆ ಎಂಬುದನ್ನೂ ಗಮನಿಸಬಹುದು. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿಯೊಂದು ಎದುರಾದಾಗ, ಹಿಂದಿರುಗಬೇಕೆಂಬ ಆಜ್ಞೆ ಹೋದದ್ದು ಭೂಮಿಯಿಂದ. ನಿರ್ಧಾರ ಯಾರದು ಎಂಬ ಇಂಥ ವ್ಯತ್ಯಾಸವನ್ನು ಗುರುತಿಸದೆ ಎಲ್ಲ ಯಂತ್ರಗಳನ್ನೂ ಸ್ವಾಯತ್ತವೆಂದು ಕರೆಯುವ ಬರವಣಿಗೆ ಸಡಿಲವಾದುದು.

ಪ್ರಕಟಣೆಯ ವರ್ಷವೊಂದನ್ನೇ ನೋಡಿ ಪುಸ್ತಕವನ್ನು ನಿರಾಕರಿಸಬಾರದು. ಚಕ್ರಗಳ ಗಣಿತ ಹಳತಾಗುವುದಿಲ್ಲ, ಹಳತಾಗುವುದು ತಂತ್ರಾಂಶ. ರಾಸ್ ಎಂದು ಕರೆಯುವ ರೋಬೋಟ್ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಸರಣಿಯ ಕೊನೆಯ ಆವೃತ್ತಿಗೆ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿರುವುದರಿಂದ, ಪ್ರತಿ ಅಧ್ಯಾಯದಲ್ಲೂ ಅದರ ಆಜ್ಞೆಗಳನ್ನೇ ನೆಚ್ಚಿಕೊಂಡ ಪುಸ್ತಕಕ್ಕಿಂತ, ಕಾರ್ಯವಿಧಾನವನ್ನು ಮೊದಲು ಮಾತಿನಲ್ಲಿ ವಿವರಿಸಿ ಪ್ರೋಗ್ರಾಮ್‌ಗಳನ್ನು ಬೇರೆಯಾಗಿ ಒದಗಿಸುವ ಪುಸ್ತಕ ಹೆಚ್ಚು ಕಾಲ ಬಾಳುತ್ತದೆ.

ಓದುಗರಿಗೆ ಎಷ್ಟು ಗಣಿತ ಬೇಕೆಂಬ ಮುನ್ನುಡಿಯ ಭರವಸೆಯನ್ನು ಹಾಗೆಯೇ ನಂಬುವಂತಿಲ್ಲ. ದ್ವಿತೀಯ ಪಿಯುಸಿ ಗಣಿತದಲ್ಲಿ ಮಾತೃಕೆಗಳೂ ಬೇಯ್ಸ್ ಪ್ರಮೇಯವೂ ಬರುತ್ತವೆ, ಆದರೆ ಆಂಶಿಕ ಅವಕಲನ (ಹಲವು ಚರಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಮಾಡುವ ಅವಕಲನ) ಬರುವುದಿಲ್ಲ. ದೋಷವು ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹೇಗೆ ಹರಿಯುತ್ತದೆ ಎಂಬುದನ್ನು ವಿವರಿಸಲು ಅದು ಬೇಕೇ ಬೇಕು. ಅದನ್ನು ಕಲಿಸುವ ಕೆಲವು ಪುಟಗಳು ಒಳಗೇ ಇದ್ದರೆ ಮಾತ್ರ ಆ ಪುಸ್ತಕವನ್ನು ಪಿಯುಸಿ ಮುಗಿಸಿದವರ ಕೈಗೆ ಕೊಡಿ.

ಕೊನೆಯಲ್ಲಿ ಅಭ್ಯಾಸಗಳನ್ನು ನೋಡಿ. ರೋಬೋಟ್ ಎಲ್ಲಿಗೆ ತಲುಪೀತೆಂದು ಮೊದಲು ಲೆಕ್ಕದಿಂದ ಹೇಳಿಸಿ, ಆಮೇಲೆ ಟೇಪು ಹಿಡಿದು ಅಳೆಸುವ ಅಭ್ಯಾಸ ಒಂದಾದರೂ ಇರಬೇಕು. ಪ್ರಯೋಗಾಲಯದಲ್ಲಿ ರೋಬೋಟ್ ಇಲ್ಲದ ಕಾಲೇಜುಗಳು ಸಿಮ್ಯುಲೇಟರ್ ಅನ್ನೇ ಅವಲಂಬಿಸುತ್ತವೆ. ಚಕ್ರದ ಜಾರುವಿಕೆಯನ್ನೂ ಸೆನ್ಸರಿನ ಅಳತೆಗಳಲ್ಲಾಗುವ ಏರುಪೇರನ್ನೂ (ನಾಯ್ಸ್) ಸೇರಿಸದೆ ಓಡಿಸಿದರೆ ಅಲ್ಲಿ ಪ್ರತಿಯೊಂದು ಪ್ರೋಗ್ರಾಮ್ ಕೂಡ ಸರಿಯಾಗಿಯೇ ನಡೆಯುತ್ತದೆ. ಅವನ್ನು ಸೇರಿಸಿ ಮತ್ತೆ ಓಡಿಸಿರೆಂದು ಪುಸ್ತಕ ಎಲ್ಲಿಯೂ ಕೇಳದಿದ್ದರೆ, ಅಂಥ ಅಭ್ಯಾಸಗಳನ್ನು ಸಿದ್ಧಪಡಿಸುವ ಹೊರೆ ಬೋಧಕರ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಪಠ್ಯವಾಗಿ ಗೊತ್ತುಮಾಡಬೇಕು.