ಎಂಡ್ಯೂರೆನ್ಸ್ ರೇಸಿನ ಕಾರಿಗೆ ದುಡ್ಡು ಎಲ್ಲಿ ಹಾಕಬೇಕು

ಗಂಟೆಗಟ್ಟಲೆ ಓಡುವ ಎಂಡ್ಯೂರೆನ್ಸ್ ರೇಸಿಗೆ ಇಳಿಯುವ ಮೈಸೂರಿನ ಸಣ್ಣ ತಂಡಕ್ಕೆ ಹತ್ತಿರದ ಟ್ರ್ಯಾಕ್ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಕಾರು ಹೊತ್ತ ಲಾರಿಯಲ್ಲಿ ಇಳಿಯಬೇಕು. ಇನ್ನೊಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಟೆಸ್ಟಿಂಗ್ ಅಂದರೆ ಪ್ರತಿಸಲವೂ ಲಾರಿ ಬಾಡಿಗೆ, ಟ್ರ್ಯಾಕ್ ಬಾಡಿಗೆ, ರೂಮು. ಹಾಗಾಗಿ ಮುಕ್ಕಾಲು ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲೇ ಮುಗಿಯಬೇಕು. ಒಂದು ಅನುಕೂಲವೆಂದರೆ ಲೇತ್, ಪ್ರೆಸ್, ವೆಲ್ಡಿಂಗ್ ಯಾವುದಕ್ಕೂ ಊರು ಸುತ್ತಬೇಕಿಲ್ಲ.

ನಮ್ಮದು ಹಳೆಯ ಹೋಂಡಾ ಸಿಟಿ 1.5 ವಿಟೆಕ್. ಹೊಸದಾಗಿ ಬರುವವರು ಮೊದಲು ಎಂಜಿನ್ ಬಿಚ್ಚುತ್ತಾರೆ. ಲೆಕ್ಕ ನೋಡಿ: ಚೆನ್ನೈ ಟ್ರ್ಯಾಕ್ 3.717 ಕಿ.ಮೀ. ಒಂದು ಲ್ಯಾಪಿಗೆ, ಅಂದರೆ ಒಂದು ಸುತ್ತಿಗೆ, 2 ನಿಮಿಷ 5 ಸೆಕೆಂಡ್ ಹಿಡಿದರೆ ಮೂರು ಗಂಟೆಯ ರೇಸಿಗೆ 86 ಲ್ಯಾಪ್. ಕ್ಯಾಮ್, ಹೆಡ್ಡು ಅಂತ ಖರ್ಚು ಮಾಡಿ ಲ್ಯಾಪಿಗೆ ಅರ್ಧ ಸೆಕೆಂಡ್ ಗಳಿಸಿದರೂ ಒಟ್ಟು ಉಳಿಯುವುದು 43 ಸೆಕೆಂಡ್. ನಡುವೆ ಒಂದೇ ಒಂದು ಸಲ ಬ್ರೇಕ್ ಪ್ಯಾಡ್ ಬದಲಿಸಲು ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ (ಪಿಟ್) ಬಂದರೆ ನಾಲ್ಕು ನಿಮಿಷ ಹೋಯಿತು. ಕೆಂಪಗೆ ಕಾದ ಡಿಸ್ಕಿನ ಪಕ್ಕ ಕೈಹಾಕಿ ಬ್ರೇಕಿನ ಪಿಸ್ಟನ್ ಹಿಂದಕ್ಕೆ ಒತ್ತುವ ಕೆಲಸ ಅದಕ್ಕಿಂತ ಬೇಗ ಆಗುವುದಿಲ್ಲ. ಎಂಜಿನ್ನನ್ನು ಅದರ ಪಾಡಿಗೆ ಬಿಟ್ಟು ದುಡ್ಡನ್ನು ಚಕ್ರದ ಹತ್ತಿರ ಹಾಕಿ.

ಪ್ಯಾಡಿನ ಸವೆತವನ್ನು ಊಹಿಸಬೇಡಿ, ಅಳೆಯಿರಿ. ಪ್ರಾಕ್ಟೀಸಿಗೆ ಮುಂಚೆ ಮತ್ತು ನಂತರ ವರ್ನಿಯರ್ ಹಿಡಿದು ಒಳಪ್ಯಾಡ್, ಹೊರಪ್ಯಾಡ್ ಬೇರೆಬೇರೆಯಾಗಿ ಬರೆದಿಡಬೇಕು. 20 ಲ್ಯಾಪಿಗೆ 1.2 ಮಿ.ಮೀ. ಹೋದರೆ 86 ಲ್ಯಾಪಿಗೆ 5.2 ಮಿ.ಮೀ. ಆದರೆ ಪ್ಯಾಡ್ ತೆಳುವಾದಷ್ಟೂ ಬಿಸಿ ಹೆಚ್ಚಿ ಸವೆತ ಜೋರಾಗುತ್ತದೆ; ಮೂರನೇ ಒಂದು ಪಾಲು ಸೇರಿಸಿ 7 ಅಂತ ಹಿಡಿಯುತ್ತೇವೆ. 11 ಮಿ.ಮೀ. ಹೊಸ ಪ್ಯಾಡ್ ಕೊನೆಗೆ 4ಕ್ಕೆ ಬರುತ್ತದೆ, ಅದಕ್ಕಿಂತ ಕೆಳಗೆ ಹೋಗಬಾರದು. ಒಳಪ್ಯಾಡ್ ಮಾತ್ರ ಬೇಗ ತಿಂದಿದ್ದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ಜಾರದೆ ಸಿಕ್ಕಿಕೊಂಡಿದೆ ಅಂತ ಅರ್ಥ. ಪಿನ್ ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸ್ ಹಾಕಿ.

ಬ್ರೇಕ್ ತಣ್ಣಗಿಡಲು ಡಿಸ್ಕಿನ ಹಿಂದಿನ ತಗಡು ತೆಗೆದು ಬಂಪರಿನಿಂದ 75 ಮಿ.ಮೀ. ಗಾಳಿ ಪೈಪ್ ಎಳೆಯುತ್ತೇವೆ. ಗಾಳಿ ಬೀಳಬೇಕಾದ್ದು ಡಿಸ್ಕಿನ ನಡುಗಣ್ಣಿಗೆ. ಒಂದು ಮುಖಕ್ಕೆ ಮಾತ್ರ ಬಿದ್ದರೆ ಆ ಮುಖ ತಣ್ಣಗಾಗಿ ಇನ್ನೊಂದು ಕಾದು ಡಿಸ್ಕ್ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ವಿಷಯಕ್ಕೆ ಬಂದರೆ, ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. 300 ದಾಟುವ ರೇಸಿಂಗ್ ಆಯಿಲನ್ನೇ ತಂದು, ಪ್ರತಿ ರೇಸಿಗೂ ಹೊಸ ಡಬ್ಬ ಒಡೆಯಿರಿ. ಅರ್ಧ ಉಳಿದದ್ದನ್ನು ಕ್ಲಚ್ಚಿಗೆ ಹಾಕಿಕೊಳ್ಳಿ, ಬ್ರೇಕಿಗೆ ಬೇಡ.

ಪೆಡಲ್ ಮೊದಲ ತುಳಿತಕ್ಕೆ ಕೆಳಗೆ ಹೋಗಿ ಎರಡನೆಯದಕ್ಕೆ ಗಟ್ಟಿಯಾದರೆ ಎಲ್ಲರೂ ಬ್ಲೀಡ್ ಮಾಡಲು, ಅಂದರೆ ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ಹೊರಹಾಕಲು, ಓಡುತ್ತಾರೆ. ಅದು ಗಾಳಿಯಲ್ಲದೇ ಇರಬಹುದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬೇರಿಂಗಿನಲ್ಲಿ ಆಟವಿದ್ದರೆ ತಿರುವಿನಲ್ಲಿ ಡಿಸ್ಕ್ ವಾಲಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ರೇಸ್ ಟೈರಿನ ಹಿಡಿತಕ್ಕೆ ರಸ್ತೆ ಕಾರಿನ ಬೇರಿಂಗ್ ಬಾಳುವುದು ಕಡಿಮೆ. ಪಿಟ್ಟಿನಲ್ಲಿ ಬೇರಿಂಗ್ ಒತ್ತಲು ಪ್ರೆಸ್ ಎಲ್ಲಿಂದ ಬರಬೇಕು? ಹೊಸ ಬೇರಿಂಗ್ ಮತ್ತು ಹಬ್ ಕೂರಿಸಿದ ನಕಲ್ (ಮುಂಚಕ್ರವನ್ನು ಹೊತ್ತ ಲೋಹದ ಭಾಗ) ಎಡಕ್ಕೊಂದು ಬಲಕ್ಕೊಂದು ಊರಿನಿಂದಲೇ ತಯಾರಾಗಿ ಹೋಗಲಿ. ಟ್ರ್ಯಾಕ್ ಪ್ರದಕ್ಷಿಣವಾಗಿ ಸುತ್ತುವುದರಿಂದ ಬಲ ತಿರುವುಗಳೇ ಹೆಚ್ಚು, ಅಲ್ಲಿ ಭಾರ ಎಡಕ್ಕೆ ಬೀಳುತ್ತದೆ; ಮೊದಲು ಸಾಯುವುದು ಎಡ ಮುಂಭಾಗದ ಬೇರಿಂಗ್. ಟೈರಿಗೂ ಇದೇ ಮಾತು.

ವೀಲ್ ನಟ್ಟಿಗೆ 108 ನ್ಯೂಟನ್ ಮೀಟರ್. ಏರ್ ಗನ್ನಿನಲ್ಲಿ ಕೂರಿಸಿ, ಕೊನೆಯ ಬಿಗಿ ಟಾರ್ಕ್ ವ್ರೆಂಚಿನಲ್ಲೇ. ಹೊಸ ಅಲಾಯ್ ಚಕ್ರದಲ್ಲಿ ನಟ್ ಕೂರುವ ಜಾಗದ ಪೇಂಟ್ ಕೆರೆದು ತೆಗೆಯಿರಿ. ಪೇಂಟ್ ಬಿಸಿಗೆ ಅದುಮಿಕೊಂಡು ನಟ್ ಸಡಿಲವಾಗುತ್ತದೆ. ಬಿಗಿಯೇನೋ ಸರಿಯಾಗಿಯೇ ಇತ್ತು ಎಂದು ಎಲ್ಲರೂ ಆಣೆ ಇಡುತ್ತಾರೆ.

ಇನ್ನು ಪೆಟ್ರೋಲ್. ಪ್ರಾಕ್ಟೀಸ್ ಆದ ಮೇಲೆ ಟ್ಯಾಂಕ್ ಬಸಿದು ಅಳೆದರೆ ಲ್ಯಾಪಿಗೆ 0.93 ಲೀಟರ್ ಹತ್ತಿರ ಬರುತ್ತದೆ. ಟ್ಯಾಂಕ್ 45 ಲೀಟರಿನದಾದರೂ ಕೊನೆಯ ಏಳು ಲೀಟರ್ ದಕ್ಕುವುದಿಲ್ಲ: ಉದ್ದ ಬಲ ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಹೀರುತ್ತದೆ, ಎಂಜಿನ್ ಮುಗ್ಗರಿಸುತ್ತದೆ. 38 ಲೀಟರಿಗೆ ಸಿಗುವುದು ಸುಮಾರು 41 ಲ್ಯಾಪ್ ಅಷ್ಟೇ. ಎರಡು ಟ್ಯಾಂಕಿಗೆ 82. ನಾಲ್ಕು ಲ್ಯಾಪಿಗಾಗಿ ಇನ್ನೊಂದು ಪಿಟ್ ಸ್ಟಾಪ್! ಎರಡು ಲೀಟರಿನ ಸರ್ಜ್ ಟ್ಯಾಂಕ್ (ದೊಡ್ಡ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಸದಾ ತುಂಬಿರುವ ಪುಟ್ಟ ಟ್ಯಾಂಕ್) ಮತ್ತು ಇನ್ನೊಂದು ಪಂಪ್ ಹಾಕಿದರೆ 43 ಲೀಟರ್ ಬಳಕೆಗೆ ಬಂದು 46 ಲ್ಯಾಪ್ ಓಡುತ್ತದೆ, ರೇಸಿನ ನಡುವೆ ಒಂದೇ ಸಲ ತುಂಬಿದರೆ ಸಾಕು. ಇಡೀ ಕಾರಿನಲ್ಲಿ ಕೊಟ್ಟ ಕಾಸಿಗೆ ಇಷ್ಟು ಫಲ ಕೊಡುವ ಸಾಮಾನು ಮತ್ತೊಂದಿಲ್ಲ. ಪೆಟ್ರೋಲ್ ತುಂಬುವಾಗ ಎಂಜಿನ್ ಆಫ್, ಬೆಂಕಿ ಆರಿಸುವ ಸಿಲಿಂಡರ್ ಹಿಡಿದವನಿಗೆ ಬೇರೆ ಯಾವ ಕೆಲಸವೂ ಕೊಡಬಾರದು.

ಸೇಫ್ಟಿಯಲ್ಲಿ ಚೌಕಾಸಿ ಇಲ್ಲ. ಕಾರು ಉರುಳಿದರೆ ಡ್ರೈವರನ್ನು ಕಾಯುವ ಉಕ್ಕಿನ ಕೇಜಿನ ಮೇನ್ ಹೂಪಿಗೆ (ಸೀಟಿನ ಹಿಂದಿನ ದೊಡ್ಡ ಕಮಾನಿಗೆ) 45 ಮಿ.ಮೀ. ವ್ಯಾಸ, 2.5 ದಪ್ಪದ ಸೀಮ್‌ಲೆಸ್ ಪೈಪ್. ಸೀಟು, ಬೆಲ್ಟು ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ಲೇಬಲಿನ ತಾರೀಖು ನೋಡಿ. ಅವಧಿ ಮೀರಿದ್ದರೆ ರೇಸಿಗೆ ಮುಂಚಿನ ತಪಾಸಣೆಯಲ್ಲೇ (ಸ್ಕ್ರೂಟಿನಿ) ವಾಪಸ್.

ಡ್ರೈವರ್ ಬದಲಾವಣೆಯನ್ನು ಶೆಡ್ಡಿನಲ್ಲಿ ಹೆಲ್ಮೆಟ್, ಗ್ಲೌಸ್ ಹಾಕಿಕೊಂಡೇ ಅಭ್ಯಾಸ ಮಾಡಿ. ಇಳಿಯುವವನು ಬೆಲ್ಟುಗಳನ್ನು ಪೂರ್ತಿ ಸಡಿಲಿಸಿಯೇ ಇಳಿಯಬೇಕು. ಕುಳ್ಳನ ಬೆಲ್ಟಿನಲ್ಲಿ ಉದ್ದನೆಯವನು ತೂರಲಾರ. ಹೆಗಲ ಬೆಲ್ಟಿನ ಮೇಲೆ ಇಬ್ಬರ ಅಳತೆಗೂ ಬೇರೆ ಬಣ್ಣದ ದಾರ ಹೊಲಿದಿದೆ. ಚೆನ್ನೈ ಸೆಕೆಗೆ ನೀರು ಕುಡಿಯುವುದು ಹಿಂದಿನ ದಿನವೇ ಶುರುವಾಗಬೇಕು. ಹೋಗುವ ದಾರಿಯಲ್ಲೇ ಮದ್ದೂರಿನ ಎಳನೀರು ಮಾರುಕಟ್ಟೆ ಇದೆ, ಲಾರಿಯಲ್ಲಿ ಜಾಗವೂ ಇರುತ್ತದೆ.

ರೇಸ್ ಮುಗಿದು ಬಂದ ವಾರವೇ ಎಂಜಿನ್ ಆಯಿಲ್ ಬಸಿದು ಫಿಲ್ಟರನ್ನು ಕೊಯ್ದು ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯುತ್ತೇವೆ. ಅಯಸ್ಕಾಂತಕ್ಕೆ ಅಂಟದ ಹೊಳಪು ಚೂರು ಕಂಡರೆ ಎಂಜಿನ್ನಿನೊಳಗಿನ ಬೇರಿಂಗ್ ಶೆಲ್ ಹೋಗುತ್ತಿದೆ. ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಬಿಚ್ಚದೆ ಮುಂದಿನ ರೇಸಿಗೆ ಹೆಸರು ಕೊಡುವುದಿಲ್ಲ.