ಪರಚುವ ಮೊದಲು ಬೆಕ್ಕು ಹೇಳುವುದೇನು?

“ಏನೂ ಮಾಡಿರಲಿಲ್ರೀ, ಆರಾಮ ಕುಂತಿತ್ತು, ಒಮ್ಮೆಲೆ ಪರಚಿಬಿಡ್ತು.” ಬೆಕ್ಕು ಸಾಕಿದ ಮನೆಗಳಲ್ಲಿ ಈ ದೂರು ಹೊಸದಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಜೋಳದ ಚೀಲಕ್ಕೆ ಇಲಿ ಬೀಳಬಾರದೆಂದು ಬೆಕ್ಕು ಇಟ್ಟುಕೊಂಡವರು ಬಹಳ. ಹೊತ್ತಿಗೆ ಸರಿಯಾಗಿ ಅದಕ್ಕೆ ಊಟ ಹಾಕುತ್ತೇವೆ, ಅದರ ಮುಖ ಮಾತ್ರ ನೋಡುವುದಿಲ್ಲ. ಮುನ್ಸೂಚನೆಯನ್ನೇ ಕೊಡದೆ ಪರಚುವ ಬೆಕ್ಕು ಅಪರೂಪ. ‘ಸಾಕು, ಬಿಡು’ ಎಂದು ಅದು ಮೊದಲೇ ಹೇಳಿರುತ್ತದೆ, ನಾವು ಗಮನಿಸಿರುವುದಿಲ್ಲ.

ಮೊದಲು ಬಾಲ ನೋಡಿ

ದೂರದಿಂದಲೇ ಕಾಣುವುದು ಬಾಲ, ಹಾಗಾಗಿ ಅಲ್ಲಿಂದ ಶುರು ಮಾಡಿ. ನೆಟ್ಟಗೆ ಮೇಲೆತ್ತಿ, ತುದಿಯನ್ನು ತುಸು ಬಾಗಿಸಿಕೊಂಡು ಬಂದರೆ ಅದು ಸ್ನೇಹದ ನಡಿಗೆ. ಮಾತಾಡಿಸಬಹುದು, ಮುಟ್ಟಬಹುದು. ಬಾಲ ಹೊಟ್ಟೆಯಡಿ ಸೇರಿದ್ದರೆ ಭಯ. ಕೂದಲೆಲ್ಲ ನಿಮಿರಿ ಬಾಲ ದಪ್ಪಗಾಗಿ, ಬೆನ್ನು ಬಿಲ್ಲಿನಂತಾದರೆ ಅದು ವಿಪರೀತ ಹೆದರಿದೆ. ದೊಡ್ಡದಾಗಿ ಕಂಡರೆ ಎದುರಿಗಿದ್ದವರು ಹಿಂದೆ ಸರಿದಾರು ಎಂಬ ಲೆಕ್ಕ. ನಾಯಿ ಸಾಕಿದವರು ಎಡವುವುದು ಇನ್ನೊಂದು ಕಡೆ. ನಾಯಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಖುಷಿ ಎನ್ನುತ್ತೇವೆ. ಬೆಕ್ಕು ಬಾಲವನ್ನು ಪಟಪಟ ನೆಲಕ್ಕೆ ಬಡಿಯುತ್ತಿದ್ದರೆ ಕಿರಿಕಿರಿ ಏರುತ್ತಿದೆ ಎಂದರ್ಥ.

ಆಮೇಲೆ ಕಿವಿ, ಕಣ್ಣು

ಬೆಕ್ಕಿನ ಎರಡೂ ಕಿವಿ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಮಲಗಿದ ಬೆಕ್ಕಿನ ಒಂದು ಕಿವಿ ಹಿಂದಿನ ಪವರ್‌ಲೂಮ್ ಕಡೆ ತಿರುಗಿದ್ದರೆ ಅದನ್ನು ಸಿಟ್ಟು ಎನ್ನಬೇಡಿ, ಸದ್ದು ಕೇಳುತ್ತಿದೆ ಅಷ್ಟೇ. ಎರಡೂ ಕಿವಿ ಪಕ್ಕಕ್ಕೆ ಚಪ್ಪಟೆಯಾದರೆ ಹುಷಾರಾಗಿ. ತಲೆಗೇ ಅಂಟಿಕೊಂಡರೆ ದೂರ ಸರಿಯಿರಿ.

ಕಣ್ಣಿನ ವಿಷಯದಲ್ಲಿ ಅವಸರ ಬೇಡ. ಹೆದರಿದಾಗಲೂ, ಆಟದ ಹುರುಪಿನಲ್ಲೂ ಪಾಪೆ ಅಗಲವಾಗುತ್ತದೆ. ಬೆಳಕಿಂಡಿಯಿಂದಷ್ಟೇ ಬೆಳಕು ಬೀಳುವ ಮಾಳಿಗೆ ಮನೆಯಲ್ಲಿ ಯಾವ ಕಾರಣವೂ ಇಲ್ಲದೆ ಅಗಲವಾಗಿರುತ್ತದೆ. ಅದೇ ಬೆಕ್ಕು ಅಂಗಳದ ಬಿಸಿಲಿಗೆ ಬಂದರೆ ಪಾಪೆ ಗೆರೆಯಷ್ಟಾಗುತ್ತದೆ. ಅಂದರೆ ಮೊದಲು ಬೆಳಕು ನೋಡಿ, ಆಮೇಲೆ ಕಣ್ಣು, ಅದರ ಜೊತೆಗೇ ಕಿವಿ. ಒಂದೇ ಗುರುತು ಹಿಡಿದು ತೀರ್ಪು ಕೊಟ್ಟರೆ ಕೈಗೆ ಗಾಯ ಖಚಿತ.

ಕಣ್ಣಿನಲ್ಲೇ ಮಾತಾಡಿಸುವ ದಾರಿಯೂ ಇದೆ. ದಿಟ್ಟಿಸಿ ನೋಡಬೇಡಿ, ಬೆಕ್ಕಿಗೆ ಅದು ಬೆದರಿಕೆ. ಕಣ್ಣನ್ನು ಅರೆ ಮುಚ್ಚಿ, ನಿಧಾನವಾಗಿ ಪೂರ್ತಿ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಮಾಡಿದಾಗ ಬೆಕ್ಕುಗಳೂ ಹಾಗೇ ಕಣ್ಣು ಕಿರಿದಾಗಿಸಿದವು; ಅಪರಿಚಿತರ ಹತ್ತಿರ ಬರಲೂ ಹೆಚ್ಚು ಒಪ್ಪಿದವು. ಮನೆಗೆ ಹೊಸದಾಗಿ ಬಂದ ಬೆಕ್ಕಿಗೆ ಎತ್ತಿ ಮುದ್ದಾಡುವುದಕ್ಕಿಂತ ಇದೇ ಒಳ್ಳೆಯ ಪರಿಚಯ.

ಕೈ ಯಾವಾಗ ತೆಗೆಯಬೇಕು?

ಕಟ್ಟೆಯ ಮೇಲೆ ಹುಡುಗನೊಬ್ಬ ಬೆಕ್ಕಿನ ಬೆನ್ನು ಸವರುತ್ತಿದ್ದಾನೆ ಎಂದುಕೊಳ್ಳಿ. ಮೊದಮೊದಲು ಅದು ಕಣ್ಣು ಮುಚ್ಚಿ, ಕೆನ್ನೆಯನ್ನು ಅವನ ಕೈಗೆ ಉಜ್ಜುತ್ತದೆ. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಹಾಗೆ ಉಜ್ಜಿ ತನಗೆ ಪರಿಚಿತವಾದ ವಾಸನೆ ಹಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಬಾಲದ ತುದಿ ಮಾತ್ರ ಚಟಕ್ಕನೆ ಆಡುತ್ತದೆ. ಬೆನ್ನಿನ ಚರ್ಮ ಅಲೆಯಂತೆ ನಡುಗುತ್ತದೆ. ಕಿವಿ ಹಿಂದೆ ಹೊರಳುತ್ತದೆ. ಕುತ್ತಿಗೆ ತಿರುಗಿಸಿ ಕೈಯನ್ನೇ ನೋಡುತ್ತದೆ. ಕೈ ತೆಗೆಯಬೇಕಾದದ್ದು ಬಾಲದ ತುದಿ ಆಡಿದಾಗ. ಕುತ್ತಿಗೆ ತಿರುಗಿದ ಮೇಲೆ ತಡವಾಯಿತು, ಮುಂದಿನದು ಹಲ್ಲು ಇಲ್ಲವೇ ಉಗುರು.

ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ ‘ನಿನ್ನ ಮೇಲೆ ನಂಬಿಕೆ ಇದೆ’ ಎಂದು ಅರ್ಥ, ಹೊಟ್ಟೆ ಸವರು ಎಂದಲ್ಲ. ಮಕ್ಕಳಿಗೆ ಇದೊಂದನ್ನು ಹೇಳಿಕೊಟ್ಟರೂ ಅರ್ಧ ಪರಚುಗಾಯ ತಪ್ಪುತ್ತವೆ.

ಬುಸ್ ಎಂದಾಗ ಗದರುವವರಿದ್ದಾರೆ, ಕೆಲವರು ಹೊಡೆಯುತ್ತಾರೆ. ಹೆದರಿದ್ದಕ್ಕೆ ಹೊಡೆತ ತಿಂದ ಬೆಕ್ಕು ಮುಂದಿನ ಸಲ ಬುಸ್ ಎನ್ನದೆ ನೇರವಾಗಿ ಕಚ್ಚಬಹುದು. ದೀಪಾವಳಿ ಪಟಾಕಿಗೆ ಕಪಾಟಿನ ಕೆಳಗೆ ಸೇರಿದ ಬೆಕ್ಕನ್ನೂ ಎಳೆದು ತರಬೇಡಿ.

ಗೊರಗೊರ ಎಂದರೆ ಸುಖವೇ?

ಬಹುತೇಕ ಹೌದು, ಯಾವಾಗಲೂ ಅಲ್ಲ. ನೋವಿರುವ ಬೆಕ್ಕು, ಪಶುವೈದ್ಯರ ಮೇಜಿನ ಮೇಲೆ ಹೆದರಿ ಕೂತ ಬೆಕ್ಕೂ ಗೊರಗೊರ ಎನ್ನುತ್ತವೆ. ಮ್ಯಾಂವ್ ಕೂಗಿನದು ಬೇರೆ ಕತೆ: ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಅದನ್ನು ಬಳಸುವುದು ಕಡಿಮೆ, ಹೆಚ್ಚಾಗಿ ಅದು ನಮಗಾಗಿಯೇ.

ನೋವು ಗುರುತಿಸಲು ಸದ್ದಿಗಿಂತ ಮುಖ ನಂಬಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ ಐದು ಗುರುತುಗಳಿವೆ: ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ಒಂದೊಂದಕ್ಕೆ 0ಯಿಂದ 2ರವರೆಗೆ ಅಂಕ. ಕಿವಿ ಹೊರಕ್ಕೆ ತಿರುಗಿ, ಕಣ್ಣು ಕಿರಿದಾಗಿ, ಮೂತಿ ಬಿಗಿದು, ಮೀಸೆ ನೆಟ್ಟಗಾಗಿ, ತಲೆ ಭುಜಕ್ಕಿಂತ ಕೆಳಗಿಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ಇನ್ನೆರಡು ಗುರುತು ಕಂಡರೆ ಕಾಯುವಂತೆಯೇ ಇಲ್ಲ. ಗಂಡು ಬೆಕ್ಕು ಪದೇಪದೇ ಮೂತ್ರಕ್ಕೆ ಕೂತು ತಿಣುಕಿದರೂ ಹನಿ ಬರದಿದ್ದರೆ ಮೂತ್ರನಾಳ ಕಟ್ಟಿರಬಹುದು. ವಿಜಯಪುರದ ಏಪ್ರಿಲ್-ಮೇ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನಾಯಿಯಂತೆ ಮಾಮೂಲಿ ಎಂದು ಬಿಡಬೇಡಿ. ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಪಶು ಆಸ್ಪತ್ರೆಗೆ ಒಯ್ಯಿರಿ.

ಇಷ್ಟಾದರೂ ಕಚ್ಚಿತು, ಪರಚಿತು ಎಂದಾದರೆ ಅರಿಸಿನ ಮೆತ್ತಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.